ಅನಿತಾ ಕೊಟ್ಟ ಪದ: ‘ಘಾಚರ್ ಘೋಚರ್’ ಓದಿದ ಮೇಲೆ

ನಿಘಂಟಿನಲ್ಲಿ ಇಲ್ಲದ ಪದವೊಂದು ಒಂದು ಕನ್ನಡ ಪುಸ್ತಕದ ಹೆಸರು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೈಗೆತ್ತಿಕೊಂಡಾಗ ನನಗೆ ಮೊದಲು ಖುಷಿ ಕೊಟ್ಟಿದ್ದೇ ಇದು. ಮೆಲ್ಬರ್ನಿನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಕೇಳುತ್ತಾ ಬೆಳೆದು, ಓದೋದನ್ನ ಕಾಲೇಜಿಗೆ ಬಂದ ಮೇಲೆ ಕಲಿತ ನನ್ನಂಥವರಿಗೆ ಕನ್ನಡ ಪುಸ್ತಕ ಅಂದರೆ ಸ್ವಲ್ಪ ಅಳುಕು. ಆದರೆ ಈ ಪದದ ಮುಂದೆ ಬೆಂಗಳೂರಿನ ಓದುಗರೂ ನಾವೂ ಒಂದೇ. ಅರ್ಥ ಬೇಕಾದರೆ ಎಲ್ಲರೂ ಪುಸ್ತಕದ ಒಳಗೇ ಹೋಗಬೇಕು.

ಈ ಸಂಚಿಕೆ ಕೇಳುವ ಮೊದಲು ನೀವು ಪುಸ್ತಕ ಓದಿಲ್ಲವಾದರೆ ಇಲ್ಲಿಗೇ ನಿಲ್ಲಿಸಿ, ಓದಿ ಬನ್ನಿ. ನೂರು ಪುಟದ ಆಸುಪಾಸಿನ ಕಿರುಕಾದಂಬರಿ, ಒಂದು ವಾರಾಂತ್ಯಕ್ಕೆ ಸಾಕು. ಕನ್ನಡದಲ್ಲಿ ಬಂದಿದ್ದು 2013ರಲ್ಲಿ. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ 2015ರಲ್ಲಿ ಭಾರತದಲ್ಲೂ 2017ರಲ್ಲಿ ಅಮೆರಿಕದಲ್ಲೂ ಪ್ರಕಟವಾಯಿತು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ.

ಕತೆ ಹೇಳುವವನಿಗೆ ಹೆಸರಿಲ್ಲ. ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕತೆ ಹೇಳುತ್ತಾನೆ. ಅಪ್ಪ ಸೇಲ್ಸ್‌ಮನ್ ಆಗಿದ್ದ ಕಾಲದಲ್ಲಿ ಮನೆ ಚಿಕ್ಕದು, ಇರುವೆಗಳ ಕಾಟ, ಕೈ ಬಿಗಿ ಹಿಡಿದ ಖರ್ಚು. ಆಮೇಲೆ ಚಿಕ್ಕಪ್ಪ ‘ಸೋನಾ ಮಸಾಲಾ’ ಶುರು ಮಾಡುತ್ತಾನೆ, ದುಡ್ಡು ಬರುತ್ತೆ, ದೊಡ್ಡ ಮನೆ ಬರುತ್ತೆ. ಆ ಮನೆಗೆ ಸೊಸೆಯಾಗಿ ಬರುವವಳು ಹೈದರಾಬಾದಿನ ಅನಿತಾ.

ನಮ್ಮ ತರಗತಿಯಲ್ಲಿ ಇದರ ಇಂಗ್ಲಿಷ್ ಅನುವಾದ ಚರ್ಚೆಗೆ ಬಂದಾಗ ಎಲ್ಲರೂ ಹಿಡಿದುಕೊಂಡ ಮಾತು ಒಂದೇ: ಭಾರತದ ಕೂಡುಕುಟುಂಬ ಹೇಗೆ ಉಸಿರುಗಟ್ಟಿಸುತ್ತೆ ಅನ್ನೋದು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಚಿಕ್ಕ ಮನೆಯಲ್ಲಿದ್ದಾಗಲೂ ಅವರದು ಒಟ್ಟಾಗಿದ್ದ ಕುಟುಂಬವೇ. ಅಪ್ಪನ ಲೆಕ್ಕ ತಾಳೆಯಾಗದ ರಾತ್ರಿ ಮನೆಮಂದಿಯೆಲ್ಲ ಕೂತು ಮತ್ತೆ ಮತ್ತೆ ಕೂಡಿ ಕಳೆಯುವ ಭಾಗ ಓದಿ ನೋಡಿ. ಅಲ್ಲಿ ಭಯ ಇದೆ, ಆದರೆ ಯಾರ ಮೇಲೂ ಕ್ರೌರ್ಯ ಇಲ್ಲ. ಎಷ್ಟು ಬಂತು, ಎಷ್ಟು ಹೋಯ್ತು ಅಂತ ಎಲ್ಲರಿಗೂ ಗೊತ್ತು. ದೊಡ್ಡ ಮನೆಗೆ ಬಂದ ಮೇಲೆ ದುಡ್ಡು ಎಲ್ಲಿಂದ ಹೇಗೆ ಬರುತ್ತೆ ಅಂತ ಯಾರೂ ಕೇಳಲ್ಲ. ತರುವವನನ್ನು ಕಾಯೋದೇ ಮನೆಯವರ ಕೆಲಸ. ಕುಟುಂಬ ಅದೇ, ನಡುವೆ ಸೇರಿಕೊಂಡಿದ್ದು ತಾವು ದುಡಿಯದ ದುಡ್ಡು.

ಇದು ನಿಚ್ಚಳವಾಗಿ ಕಾಣೋದು ಒಂದು ಹೆಂಗಸು ಬಾಗಿಲಿಗೆ ಬಂದಾಗ. ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗೆಂದೇ ಮಸೂರ್ ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಅಮ್ಮ ಮತ್ತು ಅಕ್ಕ ಮಾಲತಿ ಅವಳನ್ನು ಬೈದು ಅಟ್ಟುತ್ತಾರೆ. ನಿರೂಪಕ ಸುಮ್ಮನೆ ನಿಂತಿರುತ್ತಾನೆ. ಅವನಿಗೆ ಅದು ಸರಿ ಕಾಣಲ್ಲ, ಆದರೂ ತುಟಿ ಎರಡು ಮಾಡಲ್ಲ. ನಿಮಗೆ ಅಲ್ಲಿ ಯಾರ ಮೇಲೆ ಸಿಟ್ಟು ಬಂತು? ನನಗೆ ಬೈದವರಿಗಿಂತ ಹೆಚ್ಚು ಇವನ ಮೇಲೆ ಬಂತು. ಕಂಪನಿಯಲ್ಲಿ ಹೆಸರಿಗೆ ಡೈರೆಕ್ಟರ್, ಕೆಲಸ ಏನೂ ಇಲ್ಲ, ಸಂಬಳ ಮಾತ್ರ ಬರುತ್ತೆ. ಬಾಯಿ ಬಿಟ್ಟರೆ ಅನ್ನಕ್ಕೆ ಸಂಚಕಾರ.

ಇಲ್ಲಿ ಭಾಷೆಯ ಒಂದು ಸಂಗತಿ ಹೇಳಬೇಕು. ಕನ್ನಡದಲ್ಲಿ ‘ನನ್ನ ಮನೆ’ ಅನ್ನೋದಕ್ಕಿಂತ ‘ನಮ್ಮನೆ’ ಅಂತೀವಿ, ಒಬ್ಬರೇ ಮಾತಾಡುವಾಗಲೂ ‘ನಮ್ಮಮ್ಮ’ ಅಂತೀವಿ. ಈ ‘ನಮ್ಮ’ ನಮಗೆಲ್ಲ ಬೆಚ್ಚಗಿನ ಪದ, ದೂರದೇಶದಲ್ಲಿ ಇನ್ನೂ ಬೆಚ್ಚಗೆ. ನಿರೂಪಕನೂ ಮೆಲುದನಿಯ ಮನುಷ್ಯ, ಮನೆಯವರ ತಮಾಷೆಗಳನ್ನು ಪ್ರೀತಿಯಿಂದ ಹೇಳುತ್ತಾನೆ. ಹಾಗಾಗಿ ಅವನನ್ನು ನಂಬಿಬಿಡೋದು ಸುಲಭ. ಆದರೆ ‘ನಾನು ಮಾಡಲಿಲ್ಲ’ ಅಂತ ಒಪ್ಪಬೇಕಾದ ಜಾಗದಲ್ಲೆಲ್ಲ ಅವನು ‘ನಾವು’ ಎಂಬುದರ ಹಿಂದೆ ಹೋಗಿ ನಿಲ್ಲುತ್ತಾನೆ. ಎರಡನೇ ಸಲ ಓದುವಾಗ ಗಮನಿಸಿ.

ಈಗ ಆ ಪದಕ್ಕೆ ಬರೋಣ. ‘ಘಾಚರ್ ಘೋಚರ್’ ಅನಿತಾಳ ತವರುಮನೆಯ ಮಾತು. ಗಾಳಿಪಟದ ದಾರ ಬಿಡಿಸಲಾರದಂತೆ ಸಿಕ್ಕಾದಾಗ ಮಕ್ಕಳ ಬಾಯಲ್ಲಿ ಹುಟ್ಟಿದ್ದು. ಮದುವೆಯ ಹೊಸತರಲ್ಲಿ, ಬಿಚ್ಚಲಾಗದ ಲಾಡಿಯ ಗಂಟಿನ ನೆಪದಲ್ಲಿ ಅವಳು ಅದನ್ನ ಗಂಡನಿಗೆ ಹೇಳುತ್ತಾಳೆ. ಮನೆಮಾತು ಅಂದರೆ ಏನು ಅಂತ ನಮಗೆ ವಿವರಿಸಬೇಕಾಗಿಲ್ಲ. ಹೊರಗೆ ಯಾರಿಗೂ ಅರ್ಥವಾಗದ ಒಂದೆರಡು ಪದ ಇಟ್ಟುಕೊಂಡು ಬೆಳೆದವರು ನಾವು. ಅಂಥ ಪದವನ್ನ ಇನ್ನೊಬ್ಬರಿಗೆ ಕೊಡೋದು ಸಣ್ಣ ವಿಶ್ವಾಸವಲ್ಲ.

ಆ ಮನೆಯೊಳಗೆ ನಿಂತು ಸರಿ ಯಾವುದು ತಪ್ಪು ಯಾವುದು ಅಂತ ಬಾಯಿಬಿಟ್ಟು ಕೇಳುವವಳೂ ಅನಿತಾಳೇ. ಕೊನೆಯಲ್ಲಿ ಅವಳು ಅಲ್ಲಿಲ್ಲ. ಏನಾಯ್ತು ಅಂತ ಶಾನಭಾಗರು ಬಿಡಿಸಿ ಹೇಳಲ್ಲ, ನಮ್ಮ ಎದೆ ಢವಗುಟ್ಟುವಷ್ಟು ಮಾತ್ರ ಹೇಳುತ್ತಾರೆ. ಆದರೆ ಅವಳ ಪದ ಗಂಡನ ಬಾಯಲ್ಲಿ ಉಳಿದಿದೆ. ತನ್ನ ಸ್ಥಿತಿಗೆ ಅವನು ಹಚ್ಚಿಕೊಂಡ ಹೆಸರು ಅವಳು ಕೊಟ್ಟದ್ದು. ಅವಳ ಪರವಾಗಿ ಆಡಬೇಕಾಗಿದ್ದ ಒಂದು ಮಾತನ್ನ ಮಾತ್ರ ಅವನು ಆಡಲೇ ಇಲ್ಲ. ಈ ಪುಸ್ತಕ ನನ್ನನ್ನ ಅಲುಗಾಡಿಸಿದ್ದು ಇದಕ್ಕೇ.

ದೋಷವೇ ಇಲ್ಲ ಅಂತಲ್ಲ. ಮಾಲತಿ ಗಂಡನ ಮನೆ ಬಿಟ್ಟು ಬರುವ ಭಾಗ ಅವಸರದ್ದು ಅನಿಸಿತು; ಅವಳ ಹರಿತ ನಾಲಿಗೆ ಕಾಣುತ್ತೆ, ಅದರ ಹಿಂದಿನ ನೋವು ಕಾಣಲ್ಲ. ಹೇಳುವವನು ತಮ್ಮ, ಅವನ ಕಣ್ಣಿಗೆ ಅಷ್ಟೇ ಕಂಡದ್ದು ಅಂತ ವಾದಿಸಬಹುದು. ನನಗೆ ಆ ಸಮಾಧಾನ ಅರ್ಧ ಮಾತ್ರ ಸಿಕ್ಕಿತು. ಅಮ್ಮನಿಗೆ ಸಿಕ್ಕ ಹಿನ್ನೆಲೆ ಅವಳಿಗೂ ಸಿಗಬೇಕಿತ್ತು.

ಕನ್ನಡ ಓದಲು ಕಲಿಯುತ್ತಿರುವವರಿಗೆ ಒಂದು ಮಾತು: ಇಂಗ್ಲಿಷಿನಲ್ಲಿ ಓದಿ ಮುಗಿಸಿದ್ದೀರಾದರೂ ಕನ್ನಡದ್ದನ್ನ ತೆರೆಯಿರಿ. ದಿನಕ್ಕೆ ನಾಲ್ಕು ಪುಟ ಸಾಕು, ಅರ್ಥವಾಗದ ಪದಕ್ಕೆ ಮನೆಗೆ ಫೋನ್ ಮಾಡಿ. ಮಾಡಿದಾಗ ಇನ್ನೊಂದನ್ನೂ ಕೇಳಿ: ನಮ್ಮನೆಯಲ್ಲಿ ಯಾವ ಪ್ರಶ್ನೆಯನ್ನ ಯಾರೂ ಕೇಳಲ್ಲ?