ಹವಳದ ಲೆಕ್ಕ: ಡೈವರ್ ನಿಂತಲ್ಲಿಂದ ಕೆಳಗೆ

ಮೈಸೂರಿಗೆ ಕಡಲಿಲ್ಲ. ಆದರೂ ಲಕ್ಷದ್ವೀಪದ ಹವಳದ ದಿಬ್ಬಗಳ ಮೇಲೆ ಕಾಲು ಶತಮಾನ ಕಣ್ಣಿಟ್ಟ ಅಧ್ಯಯನದ ವಿಳಾಸ ಇದೇ ಊರು. 1996ರಲ್ಲಿ ಇಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಹವಳವನ್ನು ಅಳೆಯುತ್ತ ಬಂದಿದ್ದಾರೆ.

ಇಂಥ ಸಮೀಕ್ಷೆಗೆ ಬೇಕಾದ ಸಾಮಾನು ಅತಿ ಸರಳ: ಬೆನ್ನಿಗೊಂದು ಗಾಳಿ ಸಿಲಿಂಡರ್, ಅಳತೆಯ ಟೇಪು, ನೀರೊಳಗೂ ಬರೆಯಬಹುದಾದ ಪ್ಲಾಸ್ಟಿಕ್ ಹಲಗೆ, ಪೆನ್ಸಿಲ್. ಟೇಪು ಹಾಸಿ, ಅದರ ಗುಂಟ ಈಜುತ್ತ, ಬದುಕಿರುವ ಹವಳ ಎಷ್ಟು, ಸತ್ತ ಹವಳದ ಮೇಲೆ ಹಬ್ಬಿದ ಪಾಚಿ ಎಷ್ಟು ಎಂದು ಗುರುತು ಹಾಕಿಕೊಳ್ಳಬೇಕು. ಈ ತಾಳ್ಮೆಯ ಫಲ 2025ರಲ್ಲಿ ಪ್ರಕಟವಾಯಿತು. 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 20ಕ್ಕಿಂತ ಕೆಳಗಿಳಿದಿದೆ. 1998, 2010, 2016ರಲ್ಲಿ ಕಡಲು ಕಾದು ಹವಳ ಬಿಳಿಚಿಕೊಂಡಿತು. ಸುಧಾರಿಸಿಕೊಳ್ಳಲು ಸುಮಾರು ಆರು ವರ್ಷದ ಬಿಡುವು ಬೇಕು, ಆ ಬಿಡುವೇ ಸಿಗುತ್ತಿಲ್ಲ. ಒಂದೇ ಸಲ ತೆಗೆದ ನಕ್ಷೆ, ಎಷ್ಟೇ ಸೊಗಸಾಗಿರಲಿ, ಈ ಮಾತನ್ನು ಹೇಳಲಾರದು.

ಹಾಗೆಂದು ಈ ಪದ್ಧತಿಗೆ ಮಿತಿಯಿಲ್ಲ ಎನ್ನುವಂತಿಲ್ಲ. ಸುಮಾರು 30 ಮೀಟರ್ ದಾಟಿದರೆ ಡೈವರ್‌ಗೆ ಹೊತ್ತೂ ಸಾಲದು, ಅಪಾಯವೂ ಹೆಚ್ಚು. ಅದರಾಚೆಗೆ ಯಂತ್ರವೇ ಇಳಿಯಬೇಕು. ನಾರ್ವೆಯ ಟ್ರೋಂಡ್‌ಹೈಮ್ ಫಿಯೋರ್ಡಿನಲ್ಲಿ ತಣ್ಣೀರಿನ ಹವಳ ಶುರುವಾಗುವುದೇ 39 ಮೀಟರ್ ಆಳದಲ್ಲಿ. ಅಂಥ ಕಡಿದಾದ, ಕತ್ತಲೆಯ ಕಣಿವೆಗಳಲ್ಲಿ ಕ್ಯಾಮೆರಾ ಹೊತ್ತ ರೋಬೋ ಇಲ್ಲದೆ ಕೆಲಸ ಸಾಗದು. ನಮ್ಮಲ್ಲೂ ಯಂತ್ರಕ್ಕೆ ಬರವಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ‘ಪ್ರೂವ್’ 500 ಮೀಟರ್ ಆಳದವರೆಗೆ ಹೋಗಬಲ್ಲದು. ಅಂಟಾರ್ಕ್ಟಿಕದ ಸರೋವರಕ್ಕಿಳಿದ ಅದೇ ಯಂತ್ರ ಅಂಡಮಾನಿನ ಹವಳಗಳನ್ನೂ ಚಿತ್ರೀಕರಿಸಿದೆ.

ಆದರೆ ರೋಬೋ ತರುವುದು ಗಂಟೆಗಟ್ಟಲೆ ವಿಡಿಯೊ. ಅದರಲ್ಲಿ ಯಾವುದು ಹವಳ, ಯಾವುದು ಸ್ಪಂಜು ಎಂದು ಗುರುತಿಸಲು ನೀರಿಗಿಳಿದು ಪಳಗಿದ ಕಣ್ಣೇ ಬೇಕು. ಯಂತ್ರಗಳ ಸಾಧನೆಯನ್ನು ಮುಟ್ಟಿದ ಆಳದಿಂದಲೇ ಅಳೆಯುವ ರೂಢಿ ಇಲ್ಲಿ ಬಲವಾಗಿದೆ. ಅದೇ ಜಾಗಕ್ಕೆ ಮತ್ತೆ ಹೋಯಿತೇ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಆದ್ದರಿಂದ ಆಗಬೇಕಾದ ಕೆಲಸ ಸ್ಪಷ್ಟ. ಲಕ್ಷದ್ವೀಪದ ಆ ಮೂರು ದ್ವೀಪಗಳಲ್ಲಿ ಡೈವರ್‌ಗಳ ಅಳತೆ ನಿಂತ ಕಡೆಯಿಂದಲೇ ‘ಪ್ರೂವ್’ನಂಥ ಯಂತ್ರವನ್ನು ಕೆಳಗಿಳಿಸಬೇಕು. ಮೇಲಿನ ಹವಳ ಬಿಳಿಚಿದ ವರ್ಷಗಳಲ್ಲಿ ಆಳದ್ದು ಉಳಿಯುತ್ತದೆಯೇ ಎಂದು ವರ್ಷ ಬಿಟ್ಟು ವರ್ಷ ನೋಡಬೇಕು. ಮುರ್ಡೇಶ್ವರದಾಚೆಯ ಕಡಲಿನ ನೇತ್ರಾಣಿ ದ್ವೀಪವನ್ನೂ ಈ ಮೂರರ ಪಟ್ಟಿಗೆ ಸೇರಿಸಬೇಕು.