ಅಪ್ಪ ಎಷ್ಟನೇ ಸಾಲಿನಲ್ಲಿ ಬರಬೇಕು?

ನನ್ನ ಭಾನುವಾರದ ಪ್ರಬಂಧ ಪಾಠಕ್ಕೆ ಬರುವ ಮಕ್ಕಳು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹಾಳೆಯ ಮೇಲೆ ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಗ್ರಂಥಾಲಯದ ಮಹತ್ವಕ್ಕೆ ಅದು ಸಾಕು. ತಾವು ಕಂಡುಂಡದ್ದನ್ನು ಬರೆಯುವಾಗ ಸಾಲದು.

ಮಾದರಿಗಳಿಗೆ ನಮ್ಮಲ್ಲಿ ಬರವಿಲ್ಲ. ಗೊರೂರರ ‘ಹಳ್ಳಿಯ ಚಿತ್ರಗಳು’ ಇದೆ, 1933ರಲ್ಲಿ ಬಂದ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಇದೆ. ಆದರೂ ನಾನು ಮೊದಲು ಓದಿಸುವುದು ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಆರಂಭ. ಮಾಗಡಿ ಸೀಮೆಯ ಹೊಲ. ಇಬ್ಬರು ಗಂಡಸರು ಎತ್ತಿನಂತೆ ನೊಗ ಹೊತ್ತಿದ್ದಾರೆ, ಹಿಂದೊಬ್ಬ ಉಳುತ್ತಿದ್ದಾನೆ. ನೋಡುವ ಹುಡುಗನಿಗೆ ಮೋಜು. ಅಲ್ಲಿಗೆ ಓದು ನಿಲ್ಲಿಸುತ್ತೇನೆ. ಮಕ್ಕಳ ಮುಖದಲ್ಲೂ ಸಣ್ಣ ನಗು. ಆಮೇಲೆ ಮುಂದಿನದು: ನೊಗ ಹೊತ್ತವರಲ್ಲಿ ಒಬ್ಬರು ಆ ಹುಡುಗನ ಅಪ್ಪ.

‘ಅಪ್ಪ ಮೊದಲ ಸಾಲಿನಲ್ಲೇ ಬಂದಿದ್ದರೆ?’ ಎಂದು ಕೇಳಿದೆ.

‘ನಾವು ನಗ್ತಿರಲಿಲ್ಲ ಸಾರ್’ ಎಂದ ಒಬ್ಬ.

ವಿಶ್ಲೇಷಣೆಯೆಂದರೆ ನನಗೆ ಇಷ್ಟೇ. ಜಾತಿಯ ಬಗ್ಗೆ ಅಲ್ಲಿ ಉಪನ್ಯಾಸವಿಲ್ಲ. ಹುಡುಗ ಕಂಡ ಕ್ರಮದಲ್ಲೇ ನಾವೂ ಕಾಣುತ್ತೇವೆ, ನಕ್ಕದ್ದಕ್ಕೆ ನಾವೂ ನೋಯುತ್ತೇವೆ.

ಹಾಗಾಗಿ ಬರೆಯುವ ಮುಂಚೆ ಹಾಳೆಯ ನಡುವೆ ಒಂದೇ ಒಂದು ಗಳಿಗೆಯನ್ನು ಗುರುತಿಸಲು ಹೇಳುತ್ತೇನೆ. ಎಡಕ್ಕೆ, ಅದಕ್ಕೆ ಮೊದಲು ತನಗೆ ಗೊತ್ತಿದ್ದದ್ದು. ಬಲಕ್ಕೆ, ಆಮೇಲೆ ಗೊತ್ತಾದದ್ದು. ಬಲಗಡೆ ಖಾಲಿ ಉಳಿದರೆ ಆ ಗಳಿಗೆ ಬಿಟ್ಟು ಬೇರೆಯದನ್ನು ಹುಡುಕಬೇಕು. ಇದಕ್ಕೇ ಎರಡು ವಾರ ಹಿಡಿದರೂ ನಾನು ಅವಸರ ಮಾಡುವುದಿಲ್ಲ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಮೊದಲ ಕರಡು ‘ನನ್ನ ತಾಯಿ ಅನಕ್ಷರಸ್ಥೆ’ ಎಂದು ಶುರುವಾಗಿತ್ತು. ನಡುವಿನ ಗಳಿಗೆ ಯಾವುದೆಂದು ಕೇಳುತ್ತಾ ಹೋದಂತೆ ಬ್ಯಾಂಕು ಬಂತು. ಅಮ್ಮನಿಗೆ ಸ್ಲೇಟಿನ ಮೇಲೆ ತಿಂಗಳುಗಟ್ಟಲೆ ಸಹಿ ಕಲಿಸಿದವಳು ಇವಳೇ. ಕೌಂಟರಿನಲ್ಲಿ ‘ಬೇಗ, ಬೇಗ’ ಎಂದದ್ದೇ ತಡ, ಅಮ್ಮ ಪೆನ್ನು ಕೆಳಗಿಟ್ಟು ಹೆಬ್ಬೆರಳು ಚಾಚಿದಳು. ಮಗಳಿಗೆ ಅಮ್ಮನ ಮೇಲೆ ಕೋಪ. ಆ ಕೋಪ ತಪ್ಪು ಜಾಗಕ್ಕೆ ಹೋಗಿತ್ತೆಂದು ಅವಳಿಗೆ ಹೊಳೆದದ್ದು ಬಲಗಡೆಯ ಜಾಗ ತುಂಬುವಾಗ.

ಎರಡನೇ ಕರಡು ಸ್ಲೇಟಿನಿಂದ ಶುರುವಾಯಿತು. ‘ಅನಕ್ಷರಸ್ಥೆ’ ಎಂಬ ಮಾತು ಎಲ್ಲೂ ಇರಲಿಲ್ಲ. ಬ್ಯಾಂಕಿನ ಮೆಟ್ಟಿಲಿಳಿಯುತ್ತಾ ಅಮ್ಮ ಹೆಬ್ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾಳೆ. ಅದರ ಕೆಳಗಿದ್ದ ಮೂರು ಸಾಲಿನ ಉಪಸಂಹಾರವನ್ನು ಹುಡುಗಿ ತಾನೇ ಗೀಟೆಳೆದು ಹೊಡೆದುಹಾಕಿದ್ದಳು.