ಮೂರನೆಯ ಪಾದ: ಸಾಕ್ಷ್ಯವಿದ್ಯೆಯ ಬೋಧನೆ ಮತ್ತು ರಂಗದ ಮೇಲಿನ ವಕೀಲ

ಬಾದಾಮಿಯ ಚಾಲುಕ್ಯರನ್ನು ತನ್ನ ಪೂರ್ವಜರೆಂದು ಹೇಳಿಕೊಂಡ ಕಲ್ಯಾಣದ ಅರಸುಮನೆತನದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿ (1076–1126), ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆಯ ಗ್ರಂಥವೆಂದಷ್ಟೇ ಬಲ್ಲವರು ನಮ್ಮಲ್ಲಿ ಬಹುಮಂದಿ. ಆದರೆ ಅದರ ವ್ಯವಹಾರಾಧ್ಯಾಯವನ್ನು ತೆರೆದವರಿಗೆ, ದಾಯವಿಭಾಗದ ಪ್ರಕರಣಕ್ಕೆ ಬರುವುದಕ್ಕೆ ಮುಂಚೆಯೇ, ನ್ಯಾಯಸ್ಥಾನದಲ್ಲಿ ಸತ್ಯವನ್ನು ಶೋಧಿಸುವ ಬಗೆಯ ಕುರಿತು ಸುದೀರ್ಘವಾದ ಶಿಕ್ಷಣವೊಂದು ಎದುರಾಗುತ್ತದೆ. ವ್ಯವಹಾರಕ್ಕೆ, ಎಂದರೆ ನ್ಯಾಯವಿಚಾರಣೆಗೆ, ಪಾದಗಳು ನಾಲ್ಕು: ವಾದಿಯ ಹೇಳಿಕೆಯಾದ ಭಾಷಾ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ಒಡ್ಡುವ ಕ್ರಿಯಾ, ಕಟ್ಟಕಡೆಗೆ ಸಾಧಿಸಬೇಕಾದುದು ನಿರ್ಣಯವಾಗುವ ಸಾಧ್ಯಸಿದ್ಧಿ. ಈ ಮೂರನೆಯ ಪಾದವನ್ನು ನಮ್ಮ ಕಾನೂನು ಶಿಕ್ಷಣವೂ ನಮ್ಮ ಜನಪ್ರಿಯ ಕಲೆಗಳೂ ಒಂದೇ ತೆರನಾಗಿ ಕಡೆಗಣಿಸಿವೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಲಿಖಿತ, ಭುಕ್ತಿ (ಸ್ವಾಧೀನದ ಅನುಭೋಗ), ಸಾಕ್ಷಿ ಎಂಬಿವು ಮಾನುಷ ಪ್ರಮಾಣಗಳು. ಇವುಗಳಲ್ಲಿ ಒಂದೂ ದೊರೆಯದಿದ್ದಾಗ ಮಾತ್ರ ತುಲಾ, ಅಗ್ನಿ, ಜಲ, ವಿಷ, ಕೋಶಗಳೆಂಬ ದಿವ್ಯಗಳಿಗೆ, ಎಂದರೆ ದೈವಪರೀಕ್ಷೆಗಳಿಗೆ, ಎಡೆಯುಂಟು. ಸುಳ್ಳುಗಾರನ ಲಕ್ಷಣಗಳನ್ನು ಸ್ಮೃತಿಕಾರನು ಒಂದೊಂದಾಗಿ ಎಣಿಸುತ್ತಾನೆ: ನಿಂತಲ್ಲಿ ನಿಲ್ಲದೆ ಅತ್ತಿತ್ತ ಸರಿಯುವುದು, ಕಟವಾಯಿಯನ್ನು ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣ ಕೆಡುವುದು, ಬಾಯಿ ಒಣಗಿ ಮಾತು ತೊದಲುವುದು. ವಿಜ್ಞಾನೇಶ್ವರನ ಪ್ರಜ್ಞೆ ಬೆಳಗುವುದು ಇಲ್ಲಿಯೇ. ಇವುಗಳಿಂದ ದೋಷದ ಸಂಭಾವನೆ ಮಾತ್ರ ಹುಟ್ಟುತ್ತದೆ, ದೋಷನಿಶ್ಚಯವಾಗದು. ಏಕೆಂದರೆ ಸ್ವಭಾವದಿಂದಾದ ವಿಕಾರ ಯಾವುದು, ನಿಮಿತ್ತದಿಂದಾದುದು ಯಾವುದು ಎಂಬ ವಿವೇಕ ದುಸ್ಸಾಧ್ಯವೆಂದು ಅವನು ಎಚ್ಚರಿಸುತ್ತಾನೆ. ಮೊದಲ ಬಾರಿಗೆ ಕಟಕಟೆ ಏರಿದ ಪ್ರಾಮಾಣಿಕ ಒಕ್ಕಲಿಗನೂ ಬೆವರುತ್ತಾನೆ. ಅನುಭವಿಯಾದ ಸುಳ್ಳುಗಾರನು ಬೆವರದಿರಬಹುದು. ಈ ಪರಂಪರೆಯನ್ನು ಸರ್ವಾಂಶದಲ್ಲಿಯೂ ಕೊಂಡಾಡುವಂತಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಸಾಕ್ಷಿಯ ಅರ್ಹತೆಯನ್ನು ಜಾತಿವರ್ಣಗಳಿಂದ ಅಳೆದುದು, ಹೆಂಗಸರನ್ನು ಸಾಮಾನ್ಯವಾಗಿ ಸಾಕ್ಷಿತ್ವದಿಂದ ಹೊರಗಿಟ್ಟುದು ಅದರ ಅಕ್ಷಮ್ಯವಾದ ಕೊರತೆ. ಪ್ರಶ್ನೆಯನ್ನು ತಿಳಿದು ಉತ್ತರಿಸಬಲ್ಲ ಯಾರಾದರೂ ಸಾಕ್ಷಿಯಾಗಬಹುದೆಂದು 1872ರ ಸಾಕ್ಷ್ಯ ಅಧಿನಿಯಮವು ಸಾರಿದುದು ಆ ಕೊರತೆಗೆ ಸರಿಯಾದ ಪರಿಹಾರವಾಯಿತು.

ಇನ್ನು ರಂಗಭೂಮಿಯ ಕಡೆಗೆ ತಿರುಗೋಣ. ಬಾಗಲಕೋಟೆಯಲ್ಲಿ ವಕೀಲರಾಗಿದ್ದ ಕೆರೂರ ವಾಸುದೇವಾಚಾರ್ಯರು (1866–1921) ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕವನ್ನು ‘ಸುರತನಗರದ ಶ್ರೇಷ್ಠಿ’ ಎಂದು ಕನ್ನಡಕ್ಕೆ ಅಳವಡಿಸಿದರು. ದಿನವೂ ಪಕ್ಷಗಾರರ ಕಾಗದಪತ್ರಗಳನ್ನು ತಿರುವುತ್ತಿದ್ದ ವಕೀಲರೊಬ್ಬರು ಜಗತ್ತಿನ ಅತ್ಯಂತ ಪ್ರಸಿದ್ಧವಾದ ನ್ಯಾಯಾಲಯದೃಶ್ಯವನ್ನು ಕನ್ನಡಿಗರ ಮುಂದಿರಿಸಿದುದು ಸಾಮಾನ್ಯ ಸಂಗತಿಯಲ್ಲ. ಆದರೆ ಆ ಮೂಲದೃಶ್ಯವನ್ನು ವಿಜ್ಞಾನೇಶ್ವರನ ಕಣ್ಣಿನಿಂದ ನೋಡಿದರೆ ಒಂದು ಸತ್ಯ ಗೋಚರಿಸುತ್ತದೆ. ಅಲ್ಲಿ ಸಾಲಪತ್ರವನ್ನು ಪ್ರತಿವಾದಿಯು ಒಪ್ಪಿಕೊಂಡುಬಿಡುತ್ತಾನೆ. ಅದು ಸಂಪ್ರತಿಪತ್ತಿಯೆಂಬ ಉತ್ತರ. ಅಂಥ ವ್ಯವಹಾರಕ್ಕೆ ಎರಡೇ ಪಾದವೆಂದು ‘ಮಿತಾಕ್ಷರಾ’ ಹೇಳುತ್ತದೆ, ಏಕೆಂದರೆ ಸಾಧಿಸಬೇಕಾದುದೇನೂ ಉಳಿದಿರುವುದಿಲ್ಲ. ಒಬ್ಬ ಸಾಕ್ಷಿಯೂ ಬರಲಿಲ್ಲ, ಒಂದು ಪ್ರಶ್ನೆಯೂ ಸಂಗತಿಯನ್ನು ಕೆದಕಲಿಲ್ಲ. ಉಳಿದುದು ಕರುಣೆಯ ಕುರಿತ ಭಾಷಣ ಮತ್ತು ಪತ್ರದ ಅರ್ಥವಿವರಣೆಯ ಚಾತುರ್ಯ. ಕಾವ್ಯವಾಗಿ ಅದು ಉಜ್ವಲ. ವಿಚಾರಣೆಯ ಆದರ್ಶವಾಗಿ ಅಪೂರ್ಣ.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯಿಂದ ಮೊದಲ್ಗೊಂಡು ವಾರಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳ ಸಾಮಾಜಿಕ ನಾಟಕಗಳೂ ನಮ್ಮ ಚಲನಚಿತ್ರಗಳೂ ಬಹುಮಟ್ಟಿಗೆ ಈ ಹಾದಿಯನ್ನೇ ಹಿಡಿದವು. ವಕೀಲನು ಗುಡುಗುತ್ತಾನೆ, ಎದುರಾಳಿಯು ‘ಆಕ್ಷೇಪಣೆ’ ಎಂದು ಕೂಗುತ್ತಾನೆ, ಸತ್ಯವು ಇನ್ನೇನು ಸೋತಿತು ಎನ್ನುವಷ್ಟರಲ್ಲಿ ಬಾಗಿಲಿನಿಂದ ಒಬ್ಬ ತಾಯಿಯೋ ಒಬ್ಬ ಆಳೋ ಓಡಿಬಂದು ಎಲ್ಲವನ್ನೂ ಹೇಳಿಬಿಡುತ್ತಾರೆ. ಮಾನುಷ ಪ್ರಮಾಣದ ದುಡಿಮೆಯನ್ನು ಬದಿಗಿರಿಸಿ ದಿವ್ಯಕ್ಕೆ ಶರಣಾಗುವ ಈ ಪದ್ಧತಿಯನ್ನು ಒಂಬೈನೂರು ವರ್ಷಗಳ ಹಿಂದಿನ ಕನ್ನಡನಾಡಿನ ವ್ಯಾಖ್ಯಾನಕಾರನು ಮೆಚ್ಚುತ್ತಿರಲಿಲ್ಲ. ಇದಕ್ಕೆ ಅಪವಾದಗಳು ಇಲ್ಲದಿಲ್ಲ. ಟಿ. ಎನ್. ಸೀತಾರಾಮ್ ಅವರು ‘ಮಗಳು ಜಾನಕಿ’ಯಂಥ ಧಾರಾವಾಹಿಗಳಲ್ಲಿ ತಾವೇ ವಕೀಲರ ಪಾತ್ರವನ್ನು ಧರಿಸಿ, ಪಾಟೀಸವಾಲಿನ ತಾಳ್ಮೆಯ ನಡಿಗೆಯನ್ನು ಮನೆಮನೆಯ ಪಡಸಾಲೆಗೆ ತಂದುದು ಕನ್ನಡಕ್ಕೆ ಆದ ನಿಜವಾದ ಲಾಭ.

ರಂಗಭೂಮಿಯು ಆಯ್ದುಕೊಳ್ಳುವುದು ಅದರ ಧರ್ಮ. ರಸಕ್ಕಾಗಿ ಸಂಗತಿಯನ್ನು ಬಿಡುವ ಸ್ವಾತಂತ್ರ್ಯ ಅದಕ್ಕುಂಟು. ವಿದ್ಯಾಲಯಕ್ಕೆ ಆ ಸ್ವಾತಂತ್ರ್ಯವಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮಗಳು ಅಣಕು ನ್ಯಾಯಾಲಯ ಮತ್ತು ಪ್ರಾಯೋಗಿಕ ತರಬೇತಿಗೆಂದು ನೂರು ಅಂಕಗಳ ಪತ್ರಿಕೆಯೊಂದನ್ನು ಕಡ್ಡಾಯಗೊಳಿಸಿವೆ. ಅದರಲ್ಲಿ ಅಣಕು ವಾದಕ್ಕೆ 30 ಅಂಕ. ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ಕಂಡು ಬರೆದಿಡುವುದಕ್ಕೆ 30. ಕಕ್ಷಿಗಾರನ ಸಂದರ್ಶನ, ವಿಚಾರಣಾಪೂರ್ವ ಸಿದ್ಧತೆ ಮತ್ತು ದಿನಚರಿಗೆ 30. ಮೌಖಿಕ ಪರೀಕ್ಷೆಗೆ 10. ಯೋಜನೆಯು ಸದುದ್ದೇಶದಿಂದ ಕೂಡಿದುದೇ ಸರಿ. ಆದರೆ ಅಣಕು ವಾದದಲ್ಲಿ ಸಂಗತಿಗಳೆಲ್ಲ ಮುದ್ರಿತವಾಗಿ ಮೊದಲೇ ಕೈಗೆ ಬಂದಿರುತ್ತವೆ. ವಿದ್ಯಾರ್ಥಿಯು ಮೇಲ್ಮನವಿಯ ವಕೀಲನಂತೆ ಕಾನೂನನ್ನಷ್ಟೇ ಚರ್ಚಿಸುತ್ತಾನೆ. ವಿಚಾರಣೆಯನ್ನಾದರೋ ಅವನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಾನೆ. ಒಬ್ಬ ಸಾಕ್ಷಿಯನ್ನೂ ತಾನೇ ಪ್ರಶ್ನಿಸದೆ ಪದವೀಧರನಾಗಲು ಅವನಿಗೆ ಅಡ್ಡಿಯೇನೂ ಇಲ್ಲ.

ಇದರ ಫಲವನ್ನು ಬಾದಾಮಿ, ಹುನಗುಂದಗಳಂಥ ತಾಲೂಕು ನ್ಯಾಯಾಲಯದಲ್ಲಿ ಯಾರಾದರೂ ಕಾಣಬಹುದು. ಹೊಲದ ಬದುವಿನ ಹೊಡೆದಾಟದ ಖಟ್ಲೆಯೊಂದನ್ನು ಊಹಿಸಿಕೊಳ್ಳಿ. ಸಾಕ್ಷಿಯು ಕೊಡಲಿ ಬೀಸಿದುದನ್ನು ಕಣ್ಣಾರೆ ಕಂಡೆನೆನ್ನುತ್ತಾನೆ; ಪೊಲೀಸರ ಮುಂದಿನ ಹೇಳಿಕೆಯಲ್ಲಿ ಗದ್ದಲ ಕೇಳಿ ಆಮೇಲೆ ಬಂದೆನೆಂದಿದ್ದಾನೆ. ಸಿನಿಮಾ ನೋಡಿ ಕಲಿತ ತರುಣ ವಕೀಲನು ‘ನೀನು ಸುಳ್ಳು ಹೇಳುತ್ತಿ’ ಎಂದು ಅಬ್ಬರಿಸಿ ಕುಳಿತುಕೊಳ್ಳುತ್ತಾನೆ. ಕ್ರಮವನ್ನು ಬಲ್ಲವನು, ಹಿಂದಿನ ಅಧಿನಿಯಮದ 145ನೆಯ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 148ನೆಯ ಕಲಮಿನಂತೆ, ವ್ಯತ್ಯಾಸವುಳ್ಳ ಆ ಭಾಗವನ್ನೇ ಸಾಕ್ಷಿಗೆ ಓದಿಹೇಳಿ, ಅವನು ಅಲ್ಲಗಳೆದರೆ ಅದನ್ನು ಗುರುತು ಮಾಡಿಸಿ, ಮುಂದೆ ತನಿಖಾಧಿಕಾರಿಯ ಬಾಯಿಂದ ಅದನ್ನು ರುಜುವಾತುಪಡಿಸುತ್ತಾನೆ. ಇಳಕಲ್ಲಿನ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸುವಂತೆ, ಹೇಳಿಕೆಗೂ ತೀರ್ಪಿಗೂ ನಡುವಣ ಬೆಸುಗೆ ಇದೇ. ಒಂದು ಕೊಂಡಿ ತಪ್ಪಿದರೂ ವಾದವೆಲ್ಲ ಸಡಿಲವಾಗುತ್ತದೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಅಡಗಿದೆ. ಸಾಕ್ಷಿಯು ನುಡಿಯುವುದು ಬಾಗಲಕೋಟೆ ಸೀಮೆಯ ಕನ್ನಡವನ್ನು. ದಾಖಲೆಯಲ್ಲಿ ಪ್ರಶ್ನೋತ್ತರಗಳು ಬೆರೆತು ‘ನಾನು ಆ ದಿನ ಊರಲ್ಲಿರಲಿಲ್ಲ ಎಂದರೆ ಸರಿಯಲ್ಲ’ ಎಂಬ ವಾಕ್ಯವಾಗಿ ಇಳಿಯುತ್ತವೆ. ಈ ಒಂದು ವಾಕ್ಯದಲ್ಲಿ ವಕೀಲನ ಸೂಚನೆ ಎಷ್ಟು, ಸಾಕ್ಷಿಯ ನಿರಾಕರಣೆ ಎಷ್ಟು ಎಂಬುದನ್ನು ಬಿಡಿಸಿ ಓದಲು ಯಾವ ಇಂಗ್ಲಿಷ್ ಪಠ್ಯಪುಸ್ತಕವೂ ಕಲಿಸದು. ಆಲಮಟ್ಟಿಯ ಹಿನ್ನೀರಿನಿಂದ ಹೊಲಮನೆ ಮುಳುಗಡೆಯಾದ ಕುಟುಂಬಗಳು ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದ ಈ ಜಿಲ್ಲೆಯಲ್ಲಿ ಅದು ಪಾಂಡಿತ್ಯದ ವಿಷಯವಷ್ಟೇ ಆಗಿರಲಿಲ್ಲ. ಎಕರೆಗೆ ಎಷ್ಟು ಚೀಲ ಜೋಳ ಬರುತ್ತಿತ್ತು, ಪೇಟೆಯ ಧಾರಣೆ ಏನಿತ್ತು, ಸಾಗುವಳಿಯ ಖರ್ಚು ಎಷ್ಟು, ನೆರೆಯ ಹೊಲದ ಖರೀದಿಪತ್ರ ಏನು ಹೇಳುತ್ತದೆ ಎಂಬುದನ್ನು ಸರಿಯಾದ ಪ್ರಮಾಣದಿಂದ ಸಾಧಿಸಿದವರಿಗೂ ಸಾಧಿಸದವರಿಗೂ ನಡುವಣ ಅಂತರವು ಅವರ ಮಕ್ಕಳ ಬಾಳಿನ ಅಂತರವೇ ಆಗಿತ್ತು.

ಅಮೆರಿಕೆಯಲ್ಲಿ 1971ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿಚಾರಣಾ ವಕೀಲಿ ಸಂಸ್ಥೆಯು, ಕಲಿಯುವವನೇ ಎದ್ದುನಿಂತು ಸಾಕ್ಷಿಯನ್ನು ಪ್ರಶ್ನಿಸಬೇಕು, ಗುರುವು ಕೂಡಲೇ ತಿದ್ದಬೇಕು ಎಂಬ ಮಾರ್ಗವನ್ನು ಹಿಡಿಯಿತು. ಆ ಮಾರ್ಗವನ್ನು ಇಲ್ಲಿಗೆ ತರಲು ದೊಡ್ಡ ಧನವೇನೂ ಬೇಕಿಲ್ಲ. ಬಾಗಲಕೋಟೆಯ ಎಸ್. ಸಿ. ನಂದಿಮಠ ಕಾನೂನು ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ಜಿಲ್ಲಾ ನ್ಯಾಯಾಲಯವು ಊರಲ್ಲಿಯೇ ಇದೆ; ಮುಗಿದ ಖಟ್ಲೆಗಳ ಕಡತಗಳನ್ನು ಹೆಸರು ಮರೆಮಾಡಿ ಪಾಠವಾಗಿಸಬಹುದು; ಹಿರಿಯ ವಕೀಲರು ತಿಂಗಳಿಗೊಂದು ಮಧ್ಯಾಹ್ನ ಬಂದು ಪಾಟೀಸವಾಲನ್ನು ಮಾಡಿಸಬಹುದು; ನಾಟಕ ಬಲ್ಲವರು ಸಾಕ್ಷಿಯ ಪಾತ್ರ ವಹಿಸಬಹುದು. ಪರಿಷತ್ತಿನ ನೂರು ಅಂಕಗಳಲ್ಲಿ ಮೂವತ್ತಾದರೂ ಕನ್ನಡದಲ್ಲಿ ನಡೆಸಿದ ಸಾಕ್ಷಿವಿಚಾರಣೆಗೆ ಮೀಸಲಾಗಲಿ. ಚೆನ್ನಾಗಿ ಮಾತನಾಡುವ ವಕೀಲರು ನಮ್ಮಲ್ಲಿ ಸಾಕಷ್ಟಿದ್ದಾರೆ. ಚೆನ್ನಾಗಿ ಪ್ರಶ್ನಿಸಿ, ಉತ್ತರವನ್ನು ಕಿವಿಗೊಟ್ಟು ಕೇಳಬಲ್ಲವರನ್ನು ಸಿದ್ಧಗೊಳಿಸುವುದೇ ಕಾನೂನು ವಿದ್ಯಾಲಯದ ಪ್ರಥಮ ಕರ್ತವ್ಯ.